ಬೋರ್ಡೋ ವೈನಿಗೆ ಇನ್ನು ಮುಂಗಡ ಪಡೆಯುವುದಿಲ್ಲ

ಮಾನ್ಯ ಗ್ರಾಹಕರೇ,

ನಮಸ್ಕಾರ. ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಪ್ರತಿ ವಸಂತದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ವೈನಿಗೆ ನಿಮ್ಮಿಂದ ಮುಂಗಡ ಪಡೆದು, ಎರಡು ವರ್ಷ ಕಳೆದ ಮೇಲೆ ಬಾಟಲಿ ತಲುಪಿಸುವ ಪದ್ಧತಿಯನ್ನು ನಮ್ಮ ಅಂಗಡಿ ಈ ವರ್ಷದಿಂದ ಕೈಬಿಡುತ್ತಿದೆ. ಇನ್ನು ಮುಂದೆ ಬಾಟಲಿಗೆ ತುಂಬಿದ, ನಾವೇ ರುಚಿ ನೋಡಿದ, ಲಂಡನ್ನಿನ ಗೋದಾಮಿಗೆ ಬಂದಿಳಿದ ವೈನನ್ನು ಮಾತ್ರ ಮಾರುತ್ತೇವೆ.

ಹೊಸದಾಗಿ ಸೇರಿದವರಿಗಾಗಿ ಹಳೆಯ ಪದ್ಧತಿಯ ಬಗ್ಗೆ ಎರಡು ಮಾತು. ಬೋರ್ಡೋದಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದ್ರಾಕ್ಷಿ ಕೊಯ್ಲಾಗುತ್ತದೆ. ಮುಂದಿನ ಏಪ್ರಿಲಿನಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ವಿಮರ್ಶಕರೂ ವ್ಯಾಪಾರಿಗಳೂ ಮಾದರಿಯ ರುಚಿ ನೋಡುತ್ತಾರೆ. ಅಂಕಗಳು ಪ್ರಕಟವಾಗುತ್ತವೆ, ತೋಟದವರು ಬೆಲೆ ಕಟ್ಟುತ್ತಾರೆ. ಆ ವೈನ್ ದಲ್ಲಾಳಿಯ ಮೂಲಕ ಬೋರ್ಡೋ ನಗರದ ಸಗಟು ವ್ಯಾಪಾರಿಗೆ, ಅವರಿಂದ ನಮ್ಮಂಥವರಿಗೆ, ನಮ್ಮಿಂದ ನಿಮಗೆ ದಾಟುತ್ತದೆ. ಸದ್ಯಕ್ಕೆ ನಿಮ್ಮ ಕೈಗೆ ಬರುವುದು ಒಂದು ರಸೀದಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಡಿಕೆ ತೋಟವನ್ನು ಚೇಣಿಗೆ ಹಿಡಿದ ಹಾಗೆಯೇ. ಗೊನೆ ಮರದಲ್ಲಿರುವಾಗಲೇ ದುಡ್ಡು ಸಂದಾಯವಾಗುತ್ತದೆ, ಮುಂದಿನ ಲಾಭ ನಷ್ಟ ಹಿಡಿದವನ ಹಣೆಬರಹ.

1982ರ ಫಸಲಿಗೆ ಹೀಗೆ ಮುಂಗಡ ಕೊಟ್ಟವರು ನಿಜಕ್ಕೂ ಗೆದ್ದರು. ಆ ಗೆಲುವಿನ ಕಥೆಯನ್ನೇ ಹೇಳಿಕೊಂಡು ನಮ್ಮ ವ್ಯಾಪಾರ ಬಹಳ ಕಾಲ ನಡೆಯಿತು. 2009 ಮತ್ತು 2010ರ ಫಸಲುಗಳಿಗೆ ಚೀನಾದಿಂದ ಬೇಡಿಕೆ ಉಕ್ಕಿ ಬಂದು ಬೆಲೆ ಮುಗಿಲು ಮುಟ್ಟಿತು. ಆಮೇಲೆ ಇಳಿಯಿತು. 2010ರ ಹೆಸರುವಾಸಿ ವೈನುಗಳಿಗೆ ಮುಂಗಡ ಕೊಟ್ಟ ಎಷ್ಟೋ ಜನ, ಅದೇ ವೈನು ಕೆಲವು ವರ್ಷಗಳ ನಂತರ ತಾವು ಕೊಟ್ಟದ್ದಕ್ಕಿಂತ ಕಡಿಮೆ ಬೆಲೆಗೆ ಸಿಗುವುದನ್ನು ನೋಡಬೇಕಾಯಿತು. ದುಡ್ಡು ಕಟ್ಟಿ, ಕಾದು, ಕೊನೆಗೆ ಹೆಚ್ಚು ತೆತ್ತಂತಾದರೆ ಆ ಕಾಯುವಿಕೆಗೆ ಅರ್ಥವೇನು?

ಈ ಪದ್ಧತಿಯಿಂದ ಮೊದಲು ಹೊರನಡೆದ ದೊಡ್ಡ ತೋಟ ಶಾಟೊ ಲತೂರ್. 2012ರ ಏಪ್ರಿಲಿನಲ್ಲಿ ಅದು ಬೋರ್ಡೋ ವ್ಯಾಪಾರಿಗಳಿಗೆ ಪತ್ರ ಬರೆದು, 2011ರ ಫಸಲೇ ಮುಂಗಡದಲ್ಲಿ ಮಾರುವ ಕೊನೆಯ ಫಸಲು, ಇನ್ನು ವೈನ್ ಹದಕ್ಕೆ ಬಂದಾಗಲೇ ಹೊರಗೆ ಬಿಡುತ್ತೇವೆ ಎಂದು ತಿಳಿಸಿತು. ವ್ಯಾಪಾರಿಗಳು ಸಿಡಿಮಿಡಿಗೊಂಡರು. ಲತೂರ್ ಜಗ್ಗಲಿಲ್ಲ. 2012ರ ವೈನ್ ಪೇಟೆಗೆ ಬಂದದ್ದು 2020ರಲ್ಲಿ.

ಅಷ್ಟು ಕಾಯುವ ಧೈರ್ಯ ಹೇಗೆ ಬಂತೆಂದು ತಿಳಿಯಲು ಆ ತೋಟದ ಕಥೆ ಸ್ವಲ್ಪ ಗೊತ್ತಿರಬೇಕು. ಬೋರ್ಡೋದ ಉತ್ತರಕ್ಕೆ, ಜಿರೋಂದ್ ಅಳಿವೆಯ ದಂಡೆಯ ಪೊಯಾಕ್ ಊರಿನಲ್ಲಿದೆ ಅದು. 1331ರಲ್ಲಿ ಅಲ್ಲೊಂದು ಕಾವಲು ಗೋಪುರ ಕಟ್ಟಲು ಗೊಸೆಲ್ಮ್ ದ ಕಾಸ್ತಿಯೋಂ ಎಂಬ ಜಮೀನ್ದಾರನಿಗೆ ಅನುಮತಿ ಸಿಕ್ಕಿತು. ಆ ಸೀಮೆ ಆಗ ಇಂಗ್ಲೆಂಡಿನ ದೊರೆಯ ಅಧೀನದಲ್ಲಿತ್ತು. 1453ರ ಕಾಸ್ತಿಯೋಂ ಕದನದಲ್ಲಿ ಸೋತ ಮೇಲೆ ಇಂಗ್ಲಿಷರು ಕಾಲ್ತೆಗೆದರು. ಮೂಲ ಗೋಪುರ ಈಗ ಇಲ್ಲ. ಪ್ರವಾಸಿಗರು ಫೋಟೊ ತೆಗೆದುಕೊಳ್ಳುವ ದುಂಡನೆಯ ಗೋಪುರ 1620ರ ದಶಕದ ಪಾರಿವಾಳದ ಗೂಡು! ಬಾಟಲಿಯ ಚೀಟಿಯ ಮೇಲಿರುವ ಗೋಪುರದ ತುದಿಯಲ್ಲಿ ಮಾತ್ರ ಪಾರಿವಾಳವಿಲ್ಲ, ಸಿಂಹ ನಿಂತಿದೆ.

1695ರಲ್ಲಿ ಮದುವೆಯ ಮೂಲಕ ತೋಟ ಸೆಗ್ಯೂರ್ ಮನೆತನಕ್ಕೆ ಸೇರಿತು. ಆ ದಂಪತಿಯ ಮಗ ನಿಕೊಲಾ ಅಲೆಕ್ಸಾಂದ್ರ್‌ನ ಕೈಯಲ್ಲಿ ಲತೂರ್ ಜೊತೆಗೆ ಲಾಫಿತ್ ತೋಟವೂ ಇದ್ದುದರಿಂದ ಅವನಿಗೆ ‘ದ್ರಾಕ್ಷಿಯ ರಾಜಕುಮಾರ’ ಎಂದೇ ಹೆಸರು ಬಿತ್ತು. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ವೈನುಗಳನ್ನು ದರ್ಜೆವಾರು ವಿಂಗಡಿಸಿದಾಗ, ಮೊದಲ ದರ್ಜೆ ಪಡೆದ ನಾಲ್ಕು ಕೆಂಪು ವೈನುಗಳಲ್ಲಿ ಲತೂರ್ ಒಂದು. 1963ರಲ್ಲಿ ಬಹುಪಾಲು ಒಡೆತನ ಬ್ರಿಟಿಷ್ ಕಂಪನಿಗಳ ಪಾಲಾಯಿತು. ಐನೂರು ವರ್ಷದ ಹಿಂದೆ ಕತ್ತಿ ಹಿಡಿದು ಕಳೆದುಕೊಂಡದ್ದನ್ನು ಇಂಗ್ಲಿಷರು ಚೆಕ್ ಬರೆದು ಪಡೆದರೆನ್ನಿ. ಉಕ್ಕಿನ ತೊಟ್ಟಿಗಳು ಬಂದದ್ದೂ, 1966ರ ಫಸಲಿನಿಂದ ‘ಲೆ ಫೋರ್ ದ ಲತೂರ್’ ಎಂಬ, ತೋಟದ ಮುಖ್ಯ ವೈನಿಗಿಂತ ಒಂದು ಮೆಟ್ಟಿಲು ಕೆಳಗಿನ, ಎರಡನೆಯ ವೈನ್ ಶುರುವಾದದ್ದೂ ಅವರ ಕಾಲದಲ್ಲೇ. 1993ರಲ್ಲಿ ಫ್ರೆಂಚ್ ಉದ್ಯಮಿ ಫ್ರಾಂಸ್ವಾ ಪಿನೋ ತೋಟವನ್ನು ಕೊಂಡರು.

ತೋಟದ ಹೃದಯವೆಂದರೆ ‘ಲಾಂಕ್ಲೋ’ ಎಂಬ 47 ಹೆಕ್ಟೇರ್ ನೆಲ. ಮೇಲೆ ದಪ್ಪ ನೊರಜುಗಲ್ಲು, ಕೆಳಗೆ ಜೇಡಿ. ಮಳೆನೀರು ಕಲ್ಲಿನೊಳಗೆ ಬಸಿದು ಹೋಗುತ್ತದೆ, ಬೇರು ಆಳಕ್ಕಿಳಿದು ಜೇಡಿಯಲ್ಲಿರುವ ತೇವ ಹುಡುಕುತ್ತದೆ. ಅಳಿವೆಯ ನೀರು ಹತ್ತಿರವೇ ಇರುವುದರಿಂದ ವಸಂತದಲ್ಲಿ ಚಿಗುರು ಸುಡುವ ಕೊರೆಯುವ ಚಳಿಯ ಕಾಟ ಸುತ್ತಲಿನ ತೋಟಗಳಿಗಿಂತ ಕಡಿಮೆ. ಬೆಳೆಯುವುದು ಹೆಚ್ಚಾಗಿ ಕಬರ್ನೆ ಸೊವಿನ್ಯೋಂ ಎಂಬ ದ್ರಾಕ್ಷಿ ತಳಿ, ಜೊತೆಗೆ ಮೆರ್ಲೊ. ಕಬರ್ನೆಯ ಸಿಪ್ಪೆ ದಪ್ಪ, ಒಗರು ಜಾಸ್ತಿ. ಆರು ತಿಂಗಳ ಮಾದರಿಯನ್ನು ಪೀಪಾಯಿಯಿಂದ ಬಾಯಿಗೆ ಹಾಕಿಕೊಂಡರೆ ಒಸಡು ಬಿಗಿಹಿಡಿಯುತ್ತದೆ, ಹಲ್ಲು ನೇರಳೆಯಾಗುತ್ತದೆ, ಹಣ್ಣಿನ ರುಚಿ ಎಲ್ಲೋ ಹಿಂದೆ ಅಡಗಿ ಕೂತಿರುತ್ತದೆ. ಆ ಒಗರು ಮೆತ್ತಗಾಗಲು ಹದಿನೈದು ವರ್ಷ ಬೇಕು, ಒಳ್ಳೆಯ ಫಸಲಾದರೆ ಇನ್ನೂ ಹೆಚ್ಚು. ಇಂಥ ವೈನಿನ ಭವಿಷ್ಯವನ್ನು ಒಂದು ಗುಟುಕಿನಲ್ಲಿ ಅಳೆದು ಅಂಕ ಕೊಡುವುದು ಬಲ್ಲವರಿಗೂ ಕಷ್ಟ. ಆ ಅಂಕ ನಂಬಿ ನಿಮ್ಮಿಂದ ಹಣ ಪಡೆಯುವುದು ನಮಗೆ ಒಗ್ಗುತ್ತಿಲ್ಲ.

ಇದರ ನಡುವೆ ಊರಿನ ನಂಟೊಂದಿದೆ. ಕೊಳೆರೋಗಕ್ಕೆ ನಮ್ಮವರು ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಇದೇ ಸೀಮೆಯಲ್ಲಿ. ಲತೂರ್ ಪಕ್ಕದ ಸೈಂ ಜೂಲಿಯಾಂ ಊರಿನಲ್ಲಿ, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದಿರುವುದನ್ನು 1882ರಲ್ಲಿ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ದೆ, 1885ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿದರು. ಲತೂರ್ ಈಗ ಪೂರ್ತಿ ಸಾವಯವ. 2018ರ ಫಸಲಿನಿಂದ ಪ್ರಮಾಣಪತ್ರವಿದೆ, ಲಾಂಕ್ಲೋದಲ್ಲಿ ಕುದುರೆ ಕಟ್ಟಿ ಉಳುತ್ತಾರೆ.

ಒಂದು ಮಾತು ಸ್ಪಷ್ಟವಿರಲಿ: ಲತೂರ್ ಧರ್ಮಕ್ಕಾಗಿ ಇದನ್ನು ಮಾಡಲಿಲ್ಲ. ದಾಸ್ತಾನು ತನ್ನಲ್ಲೇ ಇದ್ದರೆ ಏರಿದ ಬೆಲೆಯ ಲಾಭವೂ ತನ್ನದೇ. ಪಿನೋ ಅವರಂಥ ಧಣಿಗೆ ಎಂಟು ವರ್ಷ ಕಾಯುವ ತ್ರಾಣವಿದೆ, ಸಣ್ಣ ತೋಟದವರಿಗಿಲ್ಲ; ಅವರಿಗೆ ಮುಂಗಡ ನಿಜವಾದ ಆಸರೆ. ಆದ್ದರಿಂದ ಅಂಥವರಿಂದ ನಾವು ಮುಂಗಡದಲ್ಲೇ ಕೊಳ್ಳುವುದನ್ನು ಮುಂದುವರಿಸುತ್ತೇವೆ, ಹಣ ಮಾತ್ರ ನಮ್ಮ ಜೇಬಿನಿಂದ. ಬೆಲೆ ಇಳಿದರೆ ಆ ಪೆಟ್ಟು ನಮ್ಮದು.

ನಿಮಗೆ ನಷ್ಟವೇ ಇಲ್ಲವೆಂದಲ್ಲ. ಮುಂಗಡ ಕೊಟ್ಟವರು ಅರ್ಧ ಬಾಟಲಿ, ಮ್ಯಾಗ್ನಮ್ (ಎರಡು ಬಾಟಲಿಯಷ್ಟು ಹಿಡಿಯುವುದು) ಎಂದು ಅಳತೆ ಹೇಳಿ ತುಂಬಿಸಿಕೊಳ್ಳಬಹುದಿತ್ತು. ಇನ್ನು ಸಿಕ್ಕ ಅಳತೆಯೇ ಗತಿ. ಮಗು ಹುಟ್ಟಿದ ವರ್ಷದ ವೈನ್ ಬೇಕೆನ್ನುವವರು ಹೆಸರು ಬರೆಸಿಟ್ಟರೆ, ಆ ಫಸಲು ಬಾಟಲಿಗೆ ಬಂದಾಗ ಮೊದಲು ನಿಮಗೇ ತಿಳಿಸುತ್ತೇವೆ.

ಈಗಾಗಲೇ 2023, 2024ರ ಫಸಲಿಗೆ ಮುಂಗಡ ಕೊಟ್ಟವರ ಆರ್ಡರ್‌ಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ವೈನ್ ಬಂದೊಡನೆ ನಿಮ್ಮ ಹೆಸರಿನಲ್ಲೇ ಬಾಂಡೆಡ್ ಗೋದಾಮು ಸೇರುತ್ತದೆ. ಸುಂಕ ಮತ್ತು ವ್ಯಾಟ್ ಕಟ್ಟುವುದು ಹೊರಗೆ ತೆಗೆಯುವಾಗ ಮಾತ್ರ. ಆರ್ಡರ್ ಬೇಡವೆನಿಸಿದರೆ ರಸೀದಿಯ ಸಂಖ್ಯೆ ಬರೆದು ತಿಳಿಸಿ, ನೀವು ಕೊಟ್ಟಷ್ಟೇ ಹಣಕ್ಕೆ ಅದನ್ನು ನಾವೇ ವಾಪಸ್ ಕೊಳ್ಳುತ್ತೇವೆ. ಹೊಸ ಬೆಲೆಪಟ್ಟಿ ಮುಂದಿನ ತಿಂಗಳು ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ಲತೂರ್ ತೋಟದ ಮೂರನೆಯ ವೈನ್ ‘ಪೊಯಾಕ್’ ಕೆಲವೇ ಪೆಟ್ಟಿಗೆ ಇದೆ, ಒಬ್ಬರಿಗೆ ಎರಡು ಬಾಟಲಿ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು