ಆಪರೇಷನ್ಸ್ ಕುರ್ಚಿಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನಗೆ ಸಿಕ್ಕ ಕೆಲಸ ಏನು ಅಂತ ನಿನ್ನ ಚಿಕ್ಕಮ್ಮ ಕೇಳಿದಳು. ಹೆಂಗಸರ ಸಮಾನತೆಗಾಗಿ ವಿಶ್ವಸಂಸ್ಥೆ ಕಟ್ಟಿದ ಯುಎನ್ ವಿಮೆನ್ ಸಂಸ್ಥೆಯ ಕಂಟ್ರಿ ಆಫೀಸಿನಲ್ಲಿ ಆಪರೇಷನ್ಸ್ ಮ್ಯಾನೇಜರ್ ಅಂದೆ. "ಅಂದ್ರೆ ಹೆಂಗಸರ ಹಕ್ಕಿನ ಕೆಲಸ ಬೇರೆಯವರದ್ದು, ಇವಳದ್ದು ಬಿಲ್ಲು, ಬಾಡಿಗೆ, ಕಾರು ನೋಡ್ಕೊಳ್ಳೋದು" ಅಂದಳು. ನೀನೂ ಫೋನಿನಲ್ಲಿ ಹೆಚ್ಚುಕಮ್ಮಿ ಅದನ್ನೇ ಹೇಳಿದೆಯಲ್ಲ, ಪ್ರೋಗ್ರಾಮ್ ಕಡೆಯವರದ್ದೇ ನಿಜವಾದ ಕೆಲಸ ಅಂತ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ವಾದ ಮಾಡಿದರೆ ನೀನು ಗೆಲ್ಲುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜೀವನಪೂರ್ತಿ ಆಡಿಟ್ ಮಾಡಿದವನು. ಇಂಥ ಕಚೇರಿಗಳಿಂದ ಹಣ ಪಡೆಯುವ ಸಣ್ಣಪುಟ್ಟ ಸಂಸ್ಥೆಗಳ ಲೆಕ್ಕ ನೋಡಿದ್ದೇನೆ. ವರದಿಯಲ್ಲಿ ಸಮಾನತೆ ಬಗ್ಗೆ ಚೆಂದದ ಮಾತು ಇದ್ದೇ ಇರುತ್ತದೆ. ಹಣ ಯಾರ ಕೈ ಸೇರಿತು, ಯಾವಾಗ ಸೇರಿತು, ಯಾವ ಷರತ್ತಿನ ಮೇಲೆ ಸೇರಿತು ಅನ್ನೋದು ಮಾತ್ರ ವೋಚರ್ ಬಿಚ್ಚಿದಾಗಲೇ ಗೊತ್ತಾಗುವುದು. ಇನ್ನು ಮೇಲೆ ಆ ವೋಚರ್ ನಿನ್ನ ಮೇಜು ದಾಟಿಯೇ ಹೋಗಬೇಕು.

ಒಂದು ತರಬೇತಿ ಇದೆ ಅಂದುಕೋ. ದೂರದಿಂದ ಹೆಂಗಸರು ಬರುತ್ತಾರೆ, ಬಸ್ ಚಾರ್ಜ್ ಕೊಡಬೇಕು. ನಗದು ಕೊಟ್ಟರೆ ಸಹಿ ಹಾಕಿಸಬೇಕು, ಹಣ ಹೊತ್ತುಕೊಂಡು ಹೋಗುವ ಭಯ ಬೇರೆ, ಜೊತೆಗೆ ನಮ್ಮಂಥ ಆಡಿಟರುಗಳ ಗೊಣಗಾಟ. ಮೊಬೈಲಿಗೆ ಹಾಕಿಬಿಡೋಣ, ದಾಖಲೆಯೂ ಉಳಿಯುತ್ತೆ ಅಂತ ಯಾರೋ ಹೇಳುತ್ತಾರೆ. ಲೆಕ್ಕದ ದೃಷ್ಟಿಯಿಂದ ಒಳ್ಳೆಯ ಸಲಹೆಯೇ. ಆದರೆ ಆ ಪಟ್ಟಿಯನ್ನು ಒಮ್ಮೆ ಹತ್ತಿರ ಹಿಡಿದು ನೋಡು. ಮೊದಲ ಕಾಲಂನಲ್ಲಿ ಹೆಂಗಸಿನ ಹೆಸರು. ಪಕ್ಕದಲ್ಲಿ ಫೋನ್ ನಂಬರ್. ಅದರ ಪಕ್ಕ ಖಾತೆ ಯಾರದ್ದು ಅನ್ನುವಲ್ಲಿ ಗಂಡಸಿನ ಹೆಸರು. ಕೆಳಗೆ ಇಳಿದರೆ ಒಂದೇ ನಂಬರ್ ಎರಡು ಮೂರು ಹೆಸರಿನ ಮುಂದೆ ಕೂತಿರುತ್ತದೆ. ಸಿಮ್ ಗಂಡನದ್ದು, ಇಲ್ಲವೇ ಮಗನದ್ದು. ಹಣ ಸಂದಾಯವಾಗಿದೆ, ಲೆಕ್ಕ ತಾಳೆಯಾಗಿದೆ, ಸಂಜೆ ಬಸ್ಸು ಹತ್ತುವ ಹೊತ್ತಿಗೆ ಅವಳ ಕೈಯಲ್ಲಿ ಮಾತ್ರ ಕಾಸಿಲ್ಲ.

ಇದನ್ನು ಪ್ರೋಗ್ರಾಮ್ ಆಫೀಸರ್ ಸರಿ ಮಾಡಲಾರಳು. ಪಾವತಿ ಹೇಗೆ ಅಂತ ತೀರ್ಮಾನಿಸುವುದು ನಿನ್ನ ವಿಭಾಗ. ಹೆಸರು ನೋಂದಾಯಿಸುವ ಫಾರಂನಲ್ಲೇ "ಈ ಫೋನು ಯಾರ ಹತ್ತಿರ ಇರುತ್ತದೆ" ಅಂತ ಒಂದು ಪ್ರಶ್ನೆ ಸೇರಿಸಬಹುದು. ನಗದು ಬೇಕು ಅನ್ನುವವರಿಗೆ ಇಬ್ಬರು ಸಿಬ್ಬಂದಿ ಎದುರಿಗೆ, ಅದೇ ದಿನ ಕೊಡಿಸಬಹುದು. ಮಗು ಎತ್ತಿಕೊಂಡು ಬರುವವರಿಗೆ ಮಗು ನೋಡಿಕೊಳ್ಳುವ ಖರ್ಚನ್ನು ಬಜೆಟ್ ಬರೆಯುವಾಗಲೇ ಹಾಕಿಸಬಹುದು. ಆಮೇಲೆ ಕೇಳಿದರೆ "ಬಜೆಟ್ಟಿನಲ್ಲಿ ಇಲ್ಲ" ಅಂತ ಹೇಳಬೇಕಾದವಳು ನೀನೇ ಆಗುತ್ತೀಯ.

ನಿನ್ನ ಸಂಸ್ಥೆ ವಯಸ್ಸಿನಲ್ಲಿ ಚಿಕ್ಕದು. 2010ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಾಲ್ಕು ಹಳೆಯ ಘಟಕಗಳನ್ನು ಸೇರಿಸಿ ಇದನ್ನು ಕಟ್ಟಿತು. ಅವುಗಳಲ್ಲಿ 1976ರ ಯುನಿಫೆಮ್, ಅಂದರೆ ಹೆಂಗಸರಿಗಾಗಿ ಇದ್ದ ವಿಶ್ವಸಂಸ್ಥೆಯ ಅಭಿವೃದ್ಧಿ ನಿಧಿ, ಕೂಡ ಒಂದು. 2011ರ ಜನವರಿಯಲ್ಲಿ ಕೆಲಸ ಶುರುವಾಯಿತು. ಹಣದ ಬಹುಪಾಲು ದೇಶಗಳು ಮತ್ತು ಇತರ ದಾನಿಗಳು ತಾವಾಗಿ ಕೊಡುವುದು. ಅದರಲ್ಲೂ ದೊಡ್ಡ ಭಾಗಕ್ಕೆ ಇಂಥ ಯೋಜನೆಗೇ ಅಂತ ಚೀಟಿ ಅಂಟಿರುತ್ತದೆ. ಹಿಂಸೆಗೆ ಸಿಕ್ಕವರ ಆಶ್ರಯಧಾಮಕ್ಕೆ ಅಂತ ಬಂದ ಹಣದಲ್ಲಿ ಚುನಾವಣಾ ತರಬೇತಿಯ ಕುರ್ಚಿ ಬಾಡಿಗೆ ಕಟ್ಟುವಂತಿಲ್ಲ. ಇನ್ನು ಕಚೇರಿಯ ಕರೆಂಟ್ ಬಿಲ್ಲು, ಅಕೌಂಟೆಂಟ್ ಸಂಬಳ ಅಂದರೆ ಯಾವ ದಾನಿಗೂ ಉತ್ಸಾಹವಿಲ್ಲ! ಅದಕ್ಕೇ ಯೋಜನೆಯ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬಜೆಟ್ ನಿನ್ನ ಕಣ್ಣಿಗೆ ಬೀಳಲಿ. ಸಹಿ ಆದ ಮೇಲೆ ನೀನು ಬೇಡುವವಳಾಗುತ್ತೀಯ.

ಖರೀದಿಯ ವಿಷಯ ನನಗೆ ಇಷ್ಟವಾದದ್ದು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡ. ಹೆಂಗಸರು ನಡೆಸುವ ಉದ್ಯಮಗಳಿಂದ ಜಾಸ್ತಿ ಕೊಳ್ಳಬೇಕು ಅಂತ ನಿನ್ನ ಸಂಸ್ಥೆ ಲೋಕಕ್ಕೆಲ್ಲ ಹೇಳುತ್ತದೆ. ಅಂಥ ಉದ್ಯಮ ಅನ್ನಿಸಿಕೊಳ್ಳಲು ಕನಿಷ್ಠ 51 ಪರ್ಸೆಂಟ್ ಪಾಲು ಹೆಂಗಸರದ್ದಾಗಿರಬೇಕು, ಹಿಡಿತವೂ ಅವರದ್ದೇ ಇರಬೇಕು. ಕಾಗದದಲ್ಲಿ 51 ತೋರಿಸುವುದು ಸುಲಭ. ಬ್ಯಾಂಕಿನಲ್ಲಿ ಚೆಕ್ಕಿಗೆ ಸಹಿ ಮಾಡುವವರು ಯಾರು, ದರದ ಮಾತುಕತೆಗೆ ಬಂದು ಕೂರುವವರು ಯಾರು ಅಂತ ನೋಡು. ಇನ್ನೊಂದು ಕಡೆ, ನಿಜವಾಗಿಯೂ ಹೆಂಗಸರೇ ನಡೆಸುವ ಸಣ್ಣ ಮುದ್ರಣದವರು, ಊಟ ಒದಗಿಸುವವರು ಟೆಂಡರಿನ ಬಾಗಿಲಲ್ಲೇ ಬಿದ್ದುಹೋಗುತ್ತಾರೆ. ಮೂರು ವರ್ಷದ ಆಡಿಟ್ ಆದ ಲೆಕ್ಕ ಕೊಡಿ, ಇಷ್ಟು ವಹಿವಾಟು ತೋರಿಸಿ, ಹಣ ಸರಕು ಮುಟ್ಟಿದ ತಿಂಗಳ ಮೇಲೆ. ಸಾವಿರ ಕರಪತ್ರ ಮುದ್ರಿಸಲು ಇದೆಲ್ಲ ಬೇಕೇ? ಹೆಚ್ಚಿನ ಸಲ ಹಳೆಯ ಟೆಂಡರಿನಿಂದ ನಕಲು ಮಾಡಿದ ಷರತ್ತು ಅದು, ಯಾರೂ ಓದಿಯೇ ಇರುವುದಿಲ್ಲ. ನೀನು ಓದು. ಕೆಲಸಕ್ಕೆ ತಕ್ಕಷ್ಟು ಕೇಳು. ದೊಡ್ಡ ಖರೀದಿಯನ್ನು ಎಲ್ಲರೆದುರೇ ಲಾಟ್‌ಗಳಾಗಿ, ಅಂದರೆ ಬೇರೆ ಬೇರೆಯಾಗಿ ದರ ಹಾಕಬಹುದಾದ ಸಣ್ಣ ಭಾಗಗಳಾಗಿ ಮಾಡಿ ಟೆಂಡರ್ ಕರೆ. ಆದರೆ ಒಂದು ಎಚ್ಚರ. ಲಾಟ್ ಮಾಡುವುದು ಬೇರೆ, ಮೇಲಿನವರ ಮಂಜೂರಾತಿ ತಪ್ಪಿಸಲು ಒಂದೇ ಖರೀದಿಯನ್ನು ಮೂರು ಚಿಕ್ಕ ಆರ್ಡರ್ ಮಾಡುವುದು ಬೇರೆ. ಎರಡನೆಯದನ್ನು ನಾವು ದಿನಾಂಕ ನೋಡಿಯೇ ಹಿಡಿಯುತ್ತೇವೆ.

ಬೇಡಿಕೆ ಹಾಕುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು, ಸರಕು ಬಂತು ಅಂತ ನೋಡಿ ಬರೆಯುವವರು ಮತ್ತೊಬ್ಬರು, ಹಣ ಬಿಡುವವರು ಬೇರೊಬ್ಬರು ಆಗಿರಬೇಕು. ಚಿಕ್ಕ ಕಚೇರಿಯಲ್ಲಿ ಜನವೇ ಇರುವುದಿಲ್ಲ, ಆಗ "ಸರ್ ಪ್ರಯಾಣದಲ್ಲಿದ್ದಾರೆ, ಅವರ ಪಾಸ್‌ವರ್ಡ್ ಕೊಟ್ಟಿದ್ದಾರೆ, ನೀವೇ ಒತ್ತಿಬಿಡಿ ಮೇಡಂ" ಅನ್ನುವ ಮಾತು ಬರುತ್ತದೆ. ಒತ್ತಬೇಡ. ಬದಲಿ ಅಧಿಕಾರಿಯ ಹೆಸರನ್ನು ಬರವಣಿಗೆಯಲ್ಲಿ ಮೊದಲೇ ಪಡೆದುಕೋ. ಇದಕ್ಕೆ ನಿನ್ನನ್ನು ಹಟಮಾರಿ ಅಂತಾರೆ, ಅನ್ನಲಿ ಬಿಡು.

ಡಿಸೆಂಬರ್ ಬಗ್ಗೆ ಬೇರೆ ಹೇಳಬೇಕು. ನಿಮ್ಮ ಲೆಕ್ಕದ ವರ್ಷ ಮುಗಿಯುವುದು 31ಕ್ಕೆ. ಐಪಿಎಸ್‌ಎಎಸ್, ಅಂದರೆ ಸಾರ್ವಜನಿಕ ಸಂಸ್ಥೆಗಳ ಅಂತರರಾಷ್ಟ್ರೀಯ ಲೆಕ್ಕದ ನಿಯಮದಲ್ಲಿ ಸರಕು ಅಥವಾ ಸೇವೆ ಬಂದಾಗಲೇ ಅದು ಖರ್ಚು. ಆರ್ಡರ್ ಹಾಕಿದರೆ ಖರ್ಚಲ್ಲ, ಮುಂಗಡ ಕೊಟ್ಟರೂ ಖರ್ಚಲ್ಲ. ಪ್ರೋಗ್ರಾಮಿನವರು ನವೆಂಬರಿನಲ್ಲಿ ಎದ್ದು "ಹಣ ಉಳಿದಿದೆ, ಬೇಗ ಏನಾದರೂ ಕೊಳ್ಳೋಣ" ಅನ್ನುತ್ತಾರೆ. ಆ ಗಡಿಬಿಡಿಯಲ್ಲೇ ಬೇಡದ ಬ್ಯಾಗು, ಟೋಪಿ, ಬ್ಯಾನರ್ ಹುಟ್ಟುವುದು. ಜೂನಿನಲ್ಲೇ ಕೂರಿಸಿ ಖರೀದಿ ಪಟ್ಟಿ ಬರೆಸು.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಹಣದಲ್ಲಿ ಕೆಲಸ ಮಾಡುವ ಸಹಭಾಗಿ ಸಂಸ್ಥೆಗಳಿಗೆ ಬಿಡುವ ಕಂತು. ಹಿಂದಿನ ಕಂತಿನ ಲೆಕ್ಕ ಬರದೆ ಮುಂದಿನದು ಬಿಡಲಾಗದು, ಸರಿ. ಆದರೆ ಆ ಲೆಕ್ಕದಲ್ಲಿ ಒಂದು ಬಿಲ್ ಕೊರತೆ ಇದ್ದರೆ ಅದನ್ನು ಬಂದ ಎರಡು ದಿನದಲ್ಲಿ ಹೇಳಬಹುದು, ಆರು ವಾರದ ಮೇಲೂ ಹೇಳಬಹುದು. ಒಂದು ಆಶ್ರಯಧಾಮದ ಲೆಕ್ಕ ನೋಡುವಾಗ ಇದನ್ನು ಕಣ್ಣಾರೆ ಕಂಡೆ. ಕಂತು ತಡವಾದ ತಿಂಗಳುಗಳಲ್ಲಿ ರಾತ್ರಿ ಕಾವಲಿನವಳ ಸಂಬಳ ಬಾಕಿ. ಆಮೇಲೆ ಅವಳ ಹೆಸರೇ ಹಾಜರಿ ಪುಸ್ತಕದಲ್ಲಿಲ್ಲ. ಹಣ ಕೊಡುವ ಕಚೇರಿಯಲ್ಲಿ ಅದು ಬರೀ "ಪರಿಶೀಲನೆಯಲ್ಲಿದೆ" ಅಂತ ಇತ್ತು. ನಿನಗೆ ಬರುವ ಪ್ರತಿ ಕಡತಕ್ಕೂ ಬಂದ ದಿನಾಂಕ ಹಾಕಿಸು, ವಾರಕ್ಕೊಮ್ಮೆ ಯಾವುದು ಎಷ್ಟು ದಿನದಿಂದ ಕೂತಿದೆ ಅಂತ ನೀನೇ ಓದು.

ಕಚೇರಿಯ ಒಳಗೂ ಸ್ವಲ್ಪ ನೋಡು ಮಗಳೇ. ವಿಶ್ವಸಂಸ್ಥೆಯ ಸಿಬ್ಬಂದಿಗೆ 2023ರ ಜನವರಿಯಿಂದ ಅಪ್ಪನಿಗೂ ಅಮ್ಮನಿಗೂ 16 ವಾರ ರಜೆ, ಹೆತ್ತವಳಿಗೆ ಇನ್ನೂ 10 ವಾರ. ಒಳ್ಳೆಯ ನಿಯಮ. ನೆಲ ಒರೆಸುವವಳು ಮಾತ್ರ ಏಜೆನ್ಸಿಯ ಮೂಲಕ ಬಂದವಳು, ಅವಳಿಗೆ ಇದು ಅನ್ವಯಿಸುವುದಿಲ್ಲ. ಸಮಾನತೆಯ ಪೋಸ್ಟರ್ ಒರೆಸುವವಳಿಗೆ ಹುಷಾರಿಲ್ಲದ ದಿನ ಸಂಬಳ ಕಡಿತ ಅಂದರೆ ನನಗಂತೂ ಸಹಿಸಲಾಗದು. ಏಜೆನ್ಸಿ ಒಪ್ಪಂದ ನವೀಕರಿಸುವಾಗ ರಜೆ, ವಿಮೆ, ಸಂಬಳ ಕೊಡುವ ತಾರೀಖು ಎಲ್ಲವನ್ನೂ ಷರತ್ತಾಗಿ ಬರೆಸುವ ಅಧಿಕಾರ ನಿನಗಿದೆ. ಅತೀ ಕಡಿಮೆ ದರವನ್ನೇ ಆರಿಸಿದರೆ ಆ ಉಳಿತಾಯ ಯಾರ ಜೇಬಿನಿಂದ ಬಂತು ಅಂತ ಕೇಳು.

ಅಧಿಕಾರ ವಹಿಸಿಕೊಳ್ಳುವಾಗ ಹಿಂದಿನವರು ದಪ್ಪನೆಯ ಟಿಪ್ಪಣಿ ಕೊಡುತ್ತಾರೆ. ಅದನ್ನು ರಾತ್ರಿ ಓದು. ಹಗಲು ಮೊದಲು ಕೇಳಬೇಕಾದದ್ದು ಮುಚ್ಚದ ಆರ್ಡರುಗಳ ಪಟ್ಟಿ, ಲೆಕ್ಕ ಬಾರದ ಮುಂಗಡಗಳ ಪಟ್ಟಿ, ಬ್ಯಾಂಕ್ ತಾಳೆಪಟ್ಟಿ, ಕಳೆದ ಆಡಿಟ್ಟಿನಲ್ಲಿ ಇನ್ನೂ ಬಾಕಿ ಉಳಿದ ಆಕ್ಷೇಪಣೆಗಳು. ಮತ್ತೆ ಡ್ರೈವರುಗಳ ಜೊತೆ ಕೂತು ಮಾತಾಡು. ಕಚೇರಿಯಲ್ಲಿ ಏನು ನಡೆಯುತ್ತೆ ಅನ್ನೋದು ಅವರಿಗೆ ಗೊತ್ತಿರುವಷ್ಟು ನಿರ್ದೇಶಕರಿಗೂ ಗೊತ್ತಿರುವುದಿಲ್ಲ.

ಕಚೇರಿಯ ಗುಟ್ಟಿನ ಕಾಗದ ಯಾವುದನ್ನೂ ನನಗೆ ಕಳಿಸಬೇಡ. ಲೆಕ್ಕದ ನಿಯಮದಲ್ಲಿ ಏನಾದರೂ ಗೊಂದಲವಾದರೆ ಭಾನುವಾರ ಫೋನ್ ಮಾಡು, ಅಮ್ಮನ ಜೊತೆ ಮಾತು ಮುಗಿದ ಮೇಲೆ ನನಗೆ ಕೊಡು ಅನ್ನು.

ನಿನ್ನ,
ಅಪ್ಪ