ಪಕ್ಕದವರನ್ನೂ ಜೊತೆಗೆ ಕೂರಿಸಿಕೊಳ್ಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ವರ್ಷಕ್ಕೊಮ್ಮೆ ಮಕ್ಕಳ ಎತ್ತರ, ತೂಕ ನೋಡುವಾಗ ಜೊತೆಗಿರುತ್ತೇನೆ. ಕಳೆದ ಸಲ ಹತ್ತು ವರ್ಷದ ಹುಡುಗನೊಬ್ಬ ಸಾಲಿನಲ್ಲಿ ನಿಂತು ಮೊದಲು ಶೂ ಬಿಚ್ಚಿದ. ಆಮೇಲೆ ಬೆಲ್ಟ್. ಜೇಬಿನಲ್ಲಿದ್ದ ಪೆನ್ಸಿಲ್, ರಬ್ಬರನ್ನೂ ತೆಗೆದು ಗೆಳೆಯನ ಕೈಗೆ ಕೊಟ್ಟ. ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಂತ. ತೂಕ ನೋಡುತ್ತಿದ್ದವರು ಅಂಕಿಯನ್ನು ಜೋರಾಗಿ ಓದಿದರು. ಹಿಂದಿದ್ದ ಮಕ್ಕಳು ನಕ್ಕರು. ಅವತ್ತಿನಿಂದ ಆ ಹುಡುಗ ಆಟದ ಪೀರಿಯಡ್ ಬಂದರೆ ಹೊಟ್ಟೆನೋವು ಅನ್ನುತ್ತಾನೆ. ಆ ಅಂಕಿ ರಿಜಿಸ್ಟರ್‌ನಲ್ಲಿ ಹಾಗೇ ಇದೆ. ಅದರಿಂದ ಯಾರೂ ಏನೂ ಮಾಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 1990ರಲ್ಲಿ ಪ್ರಪಂಚದ 5ರಿಂದ 19 ವರ್ಷದವರಲ್ಲಿ ನೂರಕ್ಕೆ ಇಬ್ಬರಿಗೆ ಬೊಜ್ಜಿತ್ತು. 2022ರಲ್ಲಿ ನೂರಕ್ಕೆ ಎಂಟು. ಅಂದರೆ ಸುಮಾರು 16 ಕೋಟಿ ಮಕ್ಕಳು. ಇಷ್ಟು ಮಕ್ಕಳು ಒಟ್ಟಿಗೇ ಸೋಮಾರಿಗಳಾದರು ಅಂತ ನಂಬೋದಕ್ಕಾಗುತ್ತಾ? 330 ಮಿಲಿಲೀಟರ್ ಕೋಲಾ ಡಬ್ಬಿಯೊಂದರಲ್ಲೇ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಆಡುವ ಜಾಗ ಕಮ್ಮಿಯಾಗಿದೆ, ಮೊಬೈಲ್ ಮುಂದೆ ಕೂರುವ ಹೊತ್ತು ಜಾಸ್ತಿಯಾಗಿದೆ. ಮಗುವನ್ನೋ ತಾಯಿಯನ್ನೋ ಬೈದರೆ ಇದ್ಯಾವುದೂ ಬದಲಾಗುವುದಿಲ್ಲ.

ನೀವೇನೂ ಮಾಡುತ್ತಿಲ್ಲ ಅಂತ ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಮಕ್ಕಳ ಬೊಜ್ಜು ತಡೆಯುವ ಕೆಲಸ ಒಬ್ಬರೇ ಮಾಡಬೇಡಿ, ಅಕ್ಕಪಕ್ಕದ ಸರ್ಕಾರಗಳನ್ನೂ ಕರೆದು ಕೂರಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಡೆನ್ಮಾರ್ಕ್ 2011ರ ಅಕ್ಟೋಬರ್‌ನಲ್ಲಿ ಬೆಣ್ಣೆ, ಚೀಸ್, ಮಾಂಸದಲ್ಲಿರುವ ಕೊಬ್ಬಿನ ಮೇಲೆ ತೆರಿಗೆ ಹಾಕಿತು. ಉದ್ದೇಶ ಒಳ್ಳೆಯದೇ ಇತ್ತು. ಜನ ಗಡಿ ದಾಟಿ ಜರ್ಮನಿಯಲ್ಲಿ ಕೊಳ್ಳುತ್ತಾರೆ, ನಮ್ಮವರ ಕೆಲಸ ಹೋಗುತ್ತದೆ ಅನ್ನುವ ಕೂಗು ಎದ್ದಿತು. 2013ರ ಜನವರಿಗೆ ತೆರಿಗೆಯೇ ರದ್ದಾಯಿತು. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಲ್ಲಿ ಸಿಹಿ ಪಾನೀಯಗಳಿಗೆ ತೆರಿಗೆ ಹಾಕಿದಾಗ ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಮಾರಾಟ ಅರ್ಧದಷ್ಟು ಇಳಿಯಿತು. ಆದರೆ ನಗರದ ಗಡಿಯಾಚೆ ಅದೇ ಪಾನೀಯಗಳ ಮಾರಾಟ ಏರಿತು. ಪಕ್ಕದವರೂ ಅವತ್ತೇ ಜೊತೆಗೆ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಜೊತೆಯಾದರೆ ಇನ್ನೊಂದು ಲಾಭವಿದೆ. ಬ್ರಿಟನ್ 2018ರ ಏಪ್ರಿಲ್‌ನಿಂದ, 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸಕ್ಕರೆ ಹಾಕಿದ ಪಾನೀಯಕ್ಕೆ ತೆರಿಗೆ ಹಾಕಿತು. ಎರಡು ವರ್ಷ ಮೊದಲೇ ಹೇಳಿತ್ತು. ಅಷ್ಟರೊಳಗೆ ಎಷ್ಟೋ ಕಂಪನಿಗಳು ಸುಮ್ನೆ ಸಕ್ಕರೆ ಇಳಿಸಿಬಿಟ್ಟವು. ಮಾರುಕಟ್ಟೆ ದೊಡ್ಡದಿತ್ತು, ಅದಕ್ಕೆ ಕಂಪನಿಗಳು ಮಾತು ಕೇಳಿದವು. ಸಣ್ಣ ಸರ್ಕಾರ ಒಂಟಿಯಾಗಿ ಕೇಳಿದರೆ ಕಂಪನಿಗಳು ಕಿವಿಗೆ ಹಾಕಿಕೊಳ್ಳುವುದು ಕಷ್ಟ. ನಾಲ್ಕೈದು ಸರ್ಕಾರಗಳು ಒಂದೇ ಮಾತು ಹೇಳಿದರೆ ಕೇಳಲೇಬೇಕಾಗುತ್ತದೆ.

ಇದು ಆಗದ ಮಾತಲ್ಲ. ಕೆರಿಬಿಯನ್ ದೇಶಗಳ ಮುಖ್ಯಸ್ಥರು 2007ರ ಸೆಪ್ಟೆಂಬರ್‌ನಲ್ಲಿ ಟ್ರಿನಿಡಾಡ್ ಮತ್ತು ಟೊಬೆಗೊ ದೇಶದ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಸೇರಿ, ಸಕ್ಕರೆ ಕಾಯಿಲೆ, ಹೃದ್ರೋಗದಂಥವನ್ನು ಒಟ್ಟಿಗೇ ಎದುರಿಸುತ್ತೇವೆ ಎಂದು ಸಹಿ ಹಾಕಿದರು. ಶಾಲೆಯ ಊಟ, ಆಟದ ಪಾಠ ಎರಡೂ ಅದರಲ್ಲಿದ್ದವು. ಚಿಲಿ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿಯಿರುವ ಪ್ಯಾಕೆಟ್‌ಗಳ ಮೇಲೆ ಎಂಟು ಮೂಲೆಯ ಕಪ್ಪು ಗುರುತು ಹಾಕಿಸಿತು. ಆಮೇಲೆ ಪೆರು, ಉರುಗ್ವೆ, ಮೆಕ್ಸಿಕೊ, ಅರ್ಜೆಂಟೀನಾ ಕೂಡ ಅಂಥದ್ದೇ ಗುರುತು ತಂದವು. ಓದಲು ಬಾರದವರಿಗೂ ಅದು ಅರ್ಥವಾಗುತ್ತದೆ.

ಅಳತೆಯ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಣ್ಣೆದುರಿನ ಕೆಲಸ. ಒಬ್ಬರು ಶೂ ಹಾಕಿಸಿ ತೂಗುತ್ತಾರೆ, ಇನ್ನೊಬ್ಬರು ಬಿಚ್ಚಿಸಿ ತೂಗುತ್ತಾರೆ. ಒಂದು ಕಡೆ ಐದನೇ ತರಗತಿ, ಇನ್ನೊಂದು ಕಡೆ ಎಂಟನೇ ತರಗತಿ. ಹೀಗಾದರೆ ಯಾರ ಅಂಕಿಯನ್ನು ಯಾರ ಅಂಕಿಗೆ ಹೋಲಿಸುವುದು? ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗದಲ್ಲಿ 2007ರಿಂದ ಹಲವು ದೇಶಗಳು 6ರಿಂದ 9 ವರ್ಷದ ಮಕ್ಕಳನ್ನು ಒಂದೇ ಕ್ರಮದಲ್ಲಿ ಅಳೆಯುತ್ತಿವೆ. ನೆರೆಯವರ ಜೊತೆ ಮೊದಲ ಸಭೆಯಲ್ಲಿ ಇಷ್ಟೊಂದನ್ನು ಒಪ್ಪಿಕೊಂಡರೂ ಸಾಕು. ಒಂದೇ ವಯಸ್ಸು, ಒಂದೇ ಅಳತೆ. ತೆರಿಗೆ, ಜಾಹೀರಾತು, ಗುರುತಿನ ಮಾತು ಎರಡನೇ ಸಭೆಗಿರಲಿ. ಆ ಸಭೆಗೆ ಹಣಕಾಸು, ಶಿಕ್ಷಣ ಇಲಾಖೆಯವರನ್ನೂ ಕರೆಯಿರಿ. ಅವರಿಲ್ಲದೆ ಆರೋಗ್ಯ ಇಲಾಖೆಯೊಂದರಿಂದ ಇದು ಆಗುವುದಿಲ್ಲ.

ಸಭೆಗೆ ದಿನ ಗೊತ್ತಾಗಲು ತಿಂಗಳುಗಳೇ ಹಿಡಿಯಬಹುದು, ಗೊತ್ತು. ಅಲ್ಲಿಯವರೆಗೆ ಒಂದು ಸುತ್ತೋಲೆ ಕಳಿಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ತೂಕ ನೋಡುವಾಗ ಪರದೆ ಕಟ್ಟಿರಬೇಕು, ಒಳಗೆ ಒಂದೇ ಮಗು ಇರಬೇಕು, ಅಂಕಿಯನ್ನು ಜೋರಾಗಿ ಓದಬಾರದು ಎಂದು ಬರೆಯಿರಿ. ಇನ್ನೆರಡು ತಿಂಗಳಿಗೆ ಆ ಹುಡುಗ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಇಂತಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ