ಸೈಟಿಗೆ ಮುಂಗಡ ಕೊಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೈಟಿಗೆ ಮುಂಗಡ ಕೊಟ್ಟು ಮೋಸ ಹೋದವರೆಲ್ಲ ಭಾನುವಾರ ಬೆಳಿಗ್ಗೆ 10ಕ್ಕೆ ದಾವಣಗೆರೆ ಗ್ಲಾಸ್ ಹೌಸ್ ಗೇಟ್ ಹತ್ತಿರ ಸೇರೋಣ, ವಕೀಲರೂ ಬರುತ್ತಾರೆ. ಪೊಲೀಸ್ ಕಂಪ್ಲೇಂಟ್ ಕೊಟ್ಟಾಯ್ತಲ್ಲ ಅಂತ ಸುಮ್ನೆ ಕೂರಬೇಡಿ. ಅದು ಶಿಕ್ಷೆಯ ದಾರಿ. ದುಡ್ಡು ವಾಪಸ್ ಬೇಕಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬೇಕು. ಸುಳ್ಳು ಹೇಳಿ ಸಹಿ ಮಾಡಿಸಿಕೊಂಡಿದ್ದರೆ ಆ ಕರಾರನ್ನು ರದ್ದು ಮಾಡಿಸುವ ಹಕ್ಕು ನಮಗಿದೆ, 1872ರ ಕರಾರು ಕಾಯ್ದೆಯ 19ನೇ ಕಲಂನಲ್ಲೇ ಅದು ಇದೆ. ನಷ್ಟ ಪರಿಹಾರವನ್ನೂ ಕೇಳಬಹುದು. ಆದರೆ ಮೋಸ ಗೊತ್ತಾದ ಮೇಲೆ ಸಾಮಾನ್ಯವಾಗಿ 3 ವರ್ಷವಷ್ಟೇ ಅವಕಾಶ, ತಡ ಮಾಡಬೇಡಿ.

ಕರಾರು ಪತ್ರ, ರಸೀದಿ, ಪಾಸ್‌ಬುಕ್ ಜೆರಾಕ್ಸ್ ತನ್ನಿ. ಮುಂಗಡ ತಗೊಂಡವರು ಕಳಿಸಿದ ಮೆಸೇಜ್ ಅಳಿಸಬೇಡಿ, ಅದೂ ಸಾಕ್ಷಿಯೇ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.